ಗೇರುಗುಡ್ಡದಲ್ಲಿ ಟೆಂಟಿನ ಮಂಚ

ಮೊನ್ನೆ ಪಣಜಿಯಿಂದ ವಾಸ್ಕೋಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದವರು ಕಾಲಿನ ನಡುವೆ ಒಂದು ಕ್ರೇಟು ಇಟ್ಟುಕೊಂಡು ಕೂತಿದ್ದರು. ಮೇಲೆ ಒದ್ದೆ ಗೋಣಿಚೀಲ ಮುಚ್ಚಿದ್ದರು. ಮುಚ್ಚಿದರೇನು, ಗೇರುಹಣ್ಣಿನ ವಾಸನೆ ಗೋಣಿಚೀಲಕ್ಕೆ ಹೆದರುತ್ತದೆಯೇ? ಅರ್ಧ ಸಿಹಿ, ಅರ್ಧ ಹುಳಿ, ಕೊನೆಗೆ ಗಂಟಲಲ್ಲಿ ನಿಲ್ಲುವ ಒಗರು. ಬೇರೆಯವರಿಗೆ ಆ ವಾಸನೆಗೆ ಬಾಯಲ್ಲಿ ನೀರೂರಬಹುದು. ನನಗೆ ಸೊಂಟ ನೋಯತೊಡಗಿತು. ಜುವಾರಿ ನದಿ ದಾಟುವಷ್ಟರಲ್ಲಿ ಎರಡು ವರ್ಷದ ಹಿಂದಿನ ಗೇರು ಸುಗ್ಗಿ ಪೂರ್ತಿಯಾಗಿ ನನ್ನ ಮೈಮೇಲೆ ಬಂದು ಕೂತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಚಿಂತೆಯ ಮನುಷ್ಯ. ಸಾಂಕೋಲೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಮನೆ ಮಂಗೋರ್ ಹಿಲ್‌ನಲ್ಲಿ. ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಬೀಗ ಜಗ್ಗಿ ನೋಡದ ದಿನವಿಲ್ಲ. ಇಂಥವನನ್ನು ಡಿಚೋಲಿಯ ಆಚೆಗಿನ ಗುಡ್ಡದ ಮೇಲೆ, ಹಾವು ಚೇಳು ಮುಳ್ಳಹಂದಿಗಳ ನಡುವೆ, ಒಂದು ಸುಗ್ಗಿ ಪೂರ್ತಿ ಮಲಗಿಸಿದವರು ನಮ್ಮ ಅತ್ತೆ.

ಅತ್ತೆಯ ಹೆಸರು ಗಂಗವ್ವ. ಸಿಂದಗಿ ಕಡೆಯವರು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಗೋವಾಕ್ಕೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ನಿಂತು, ಇಟ್ಟಿಗೆ ಹೊತ್ತು ಮಗಳನ್ನು ಸಾಕಿದವರು. ಆ ಮಗಳು ಕಸ್ತೂರಿ, ನನ್ನ ಹೆಂಡತಿ. ಎಷ್ಟೋ ವರ್ಷಗಳಿಂದ ಬೇಸಿಗೆ ಬಂತೆಂದರೆ ಅತ್ತೆ ತಮ್ಮ ತಂಗಿಯನ್ನು ಕರೆದುಕೊಂಡು ಆ ಗುಡ್ಡ ಹತ್ತುತ್ತಿದ್ದರು. ಗುಡ್ಡದ ಒಡೆಯರನ್ನು ಇಲ್ಲಿಯ ರೂಢಿಯಂತೆ ಎಲ್ಲರೂ ಭಾಟ್ಕಾರ ಎನ್ನುತ್ತಾರೆ. ಅವರ ಗೇರುಮರಗಳ ಕೆಳಗೆ ಬಿದ್ದ ಹಣ್ಣು ಆರಿಸುವುದು, ಬೀಜ ತಿರುವಿ ತೆಗೆಯುವುದು, ಹಣ್ಣನ್ನು ಕೆಳಗಿನ ಸಾರಾಯಿ ಭಟ್ಟಿಗೆ ಸೇರಿಸುವುದು, ಬೀಜದಲ್ಲಿ ಪಾಲು ತೆಗೆದುಕೊಳ್ಳುವುದು. ಗೇರುಹಣ್ಣನ್ನು ಮರದಿಂದ ಕೀಳುವ ಹಾಗಿಲ್ಲ. ಅದು ತಾನಾಗಿ ಮಾಗಿ ಬೀಳಬೇಕು. ಬೀಳುವುದೋ, ನಸುಕಿನಲ್ಲೇ ಹೆಚ್ಚು. ದನ, ಮುಳ್ಳಹಂದಿ, ಕಳ್ಳರು ಯಾರೂ ಮುಟ್ಟುವ ಮೊದಲೇ ಆರಿಸಬೇಕೆಂದರೆ ಅಲ್ಲೇ ಮಲಗಬೇಕು.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅತ್ತೆಯ ಬೆನ್ನಿನ ಆಪರೇಷನ್ ಆಗಿತ್ತು. ನಡೆಯಬಹುದು, ನಿಲ್ಲಬಹುದು, ಆದರೆ ನೆಲದ ಮೇಲೆ ಮಲಗಬಾರದು, ಬಗ್ಗಬಾರದು, ಕುಕ್ಕರಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತೆಯ ತಂಗಿಯೂ ತಮ್ಮ ಮಗಳ ಬಾಣಂತನಕ್ಕೆಂದು ಬೆಳಗಾವಿಗೆ ಹೋಗಿದ್ದರು. ಇನ್ನು ಗುಡ್ಡದ ಮಾತು ಮುಗಿಯಿತು ಎಂದು ನಾನು ಒಳಗೊಳಗೇ ಸಮಾಧಾನಪಟ್ಟೆ. ಅಷ್ಟರಲ್ಲಿ ಭಾಟ್ಕಾರರ ಫೋನ್ ಬಂತು. ಆಪರೇಷನ್ ಸುದ್ದಿ ಅವರಿಗೂ ತಲುಪಿತ್ತು. ಆಗದಿದ್ದರೆ ಹೇಳಿಬಿಡಿ, ಬೇರೆ ಗಂಡಹೆಂಡತಿ ಗುಡ್ಡ ಕೇಳುತ್ತಿದ್ದಾರೆ ಎಂದರು. ಅತ್ತೆ ನನ್ನ ಮುಖ ಕೂಡ ನೋಡದೆ, "ನಾ ಚಲೋ ಅದೇನಿ. ಈ ಸಲ ನಮ್ಮ ಅಳಿಯಂದ್ರು ಬರಾಕತ್ತಾರ" ಎಂದು ಫೋನ್ ಇಟ್ಟರು.

"ಅತ್ತಿ, ನನ್ನೊಂದ್ ಮಾತು ಕೇಳಬೇಕಿತ್ತಲ್ರಿ?"

"ಕಂಪನಿ ಮಷೀನ ರಿಪೇರಿಗಂತ ಬಂದ್ ಆಗತೈತಿ, ರಜಾ ಭಾಳ ಉಳದಾವ ಅಂತ ನೀವ ಅಂದಿದ್ರಿ."

ಅಂದಿದ್ದೆ. ಚಹಾ ಕುಡಿಯುತ್ತ ಸುಮ್ಮನೆ ಅಂದಿದ್ದೆ. ಮನೆಯಲ್ಲಿ ಬಾಯಿ ಬಿಡುವ ಮುಂಚೆ ಯೋಚಿಸಬೇಕು ಎಂಬುದು ಇಷ್ಟು ವಯಸ್ಸಾದರೂ ನನಗೆ ತಿಳಿದಿಲ್ಲ. ಕಸ್ತೂರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ಪರೀಕ್ಷೆ ಮುಗಿಯುವವರೆಗೆ ಅವಳಿಗೆ ರಜೆ ಇಲ್ಲ. "ಯವ್ವಾ, ಯಾಕ ಇಷ್ಟ್ ಹಟ ನಿಂದು? ಮನ್ಯಾಗ ಕುಂಡ್ರಾಕ ಏನಾಗೇತಿ?" ಎಂದು ಅವಳೂ ರೇಗಿದಳು. ಆಗ ಅತ್ತೆ ಹೇಳಿದರು.

"ಜಲ್ಮೆಲ್ಲ ಮಂದಿ ಕೈಯಾಗ ದುಡದೇನಿ. ಏ ಬಾಯಿ ಇಟ್ಟಂಗಿ ತಾ, ಏ ಬಾಯಿ ನೀರ ಹಾಕು. ಆ ಗುಡ್ಡದಾಗ ನನಗ 'ಏ' ಅನ್ನಾವ್ರು ಯಾರೂ ಇಲ್ಲ. ಅದೊಂದು ಹ್ವಾದ್ರ ನಾ ಕಾಟಿನ ಮ್ಯಾಲ ಕುಂತು ಏನ ಮಾಡ್ಲಿ?"

ಬಗ್ಗುವ ಪ್ರಶ್ನೆ ಅಷ್ಟು ದೊಡ್ಡದಲ್ಲ. ಗೇರುಹಣ್ಣು ಆರಿಸಲು ತುದಿಗೆ ಮೊಳೆ ಬಡಿದ ಕೋಲಿರುತ್ತದೆ, ನಿಂತಲ್ಲೇ ಚುಚ್ಚಿ ಬುಟ್ಟಿಗೆ ಹಾಕಬಹುದು. ಬೀಜ ತಿರುವಲು ಎತ್ತರದ ಕಲ್ಲಿನ ಮೇಲೆ ಕೂತರಾಯಿತು. ಉಳಿದದ್ದು ಮಲಗುವ ಪ್ರಶ್ನೆಯೊಂದೇ. ಆ ಕಾಲುದಾರಿಯಲ್ಲಿ ಕಬ್ಬಿಣದ ಮಂಚ ಹೊರುವುದು ಆಗದ ಮಾತು. ಹಾಗಾಗಿ ನಾನು ವಾರಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಕೊನೆಗೆ ಒಂದು ಟೆಂಟಿನ ಮಂಚ ತರಿಸಿದೆ. ಕೆಳಗೆ ಮಡಚುವ ಕಾಲುಗಳ ಮಂಚ, ಅದರ ಮೇಲೆ ಅದಕ್ಕೇ ಹೊಲಿದ ಟೆಂಟು, ನಾಲ್ಕೂ ಕಡೆ ಜಾಲರಿ, ಝಿಪ್ಪಿನ ಬಾಗಿಲು. ನೆಲಕ್ಕೆ ಮೈ ತಾಗುವುದಿಲ್ಲ, ಹಾವು ಹತ್ತುವುದಿಲ್ಲ, ಸೊಳ್ಳೆ ಬರುವುದಿಲ್ಲ, ಮಡಚಿದರೆ ಒಂದು ಚೀಲ. ವಿಡಿಯೋದಲ್ಲಿ ಒಬ್ಬ ಬಿಳಿಯ ಅದನ್ನು ಬಿಚ್ಚಿ ನಿಲ್ಲಿಸಿ ಒಳಗೆ ಮಲಗಿ ಪುಸ್ತಕ ಓದತೊಡಗುವಷ್ಟರಲ್ಲಿ ನನ್ನ ಚಹಾ ಆರಿರಲಿಲ್ಲ.

ನಮ್ಮ ಓಣಿಯಲ್ಲಿ ಅದನ್ನು ನಿಲ್ಲಿಸಲು ಒಂದು ಇಡೀ ಭಾನುವಾರ ಹೋಯಿತು. ಕಾಲು ಬಿಚ್ಚಿದರೆ ಟೆಂಟು ಮುಚ್ಚಿಕೊಳ್ಳುತ್ತಿತ್ತು, ಟೆಂಟು ಎತ್ತಿದರೆ ಕಾಲು ಮಡಚಿಕೊಳ್ಳುತ್ತಿತ್ತು. ಎದುರುಮನೆಯ ಯಮನಪ್ಪ ಟೆಂಪೋ ಓಡಿಸುತ್ತಾನೆ, ಬಾಯಿಯನ್ನೂ ಅದೇ ವೇಗದಲ್ಲಿ ಓಡಿಸುತ್ತಾನೆ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನೋಡಿ, "ಏನ್ರಿ ಅಣ್ಣಾರ ಇದು, ಸ್ಟ್ರೆಚರಿಗೆ ಕೂಸಿನ ಕುಂಚಿಗಿ ಹೊಲದಾರು?" ಎಂದ. ಓಣಿಯೆಲ್ಲ ನಕ್ಕಿತು. ನಾನು ನಗಲಿಲ್ಲ. ಭಾರ ತಾಳುತ್ತದೋ ಇಲ್ಲವೋ ಎಂದು ಯಮನಪ್ಪನನ್ನೇ ಅದರ ಮೇಲೆ ಮಲಗಿಸಿ ನೋಡಿದೆ. ತಾಳಿತು. ಅವನು ಏಳಲು ಒಪ್ಪಲಿಲ್ಲ, ಅದು ಬೇರೆ ಮಾತು.

ಅವನ ಟೆಂಪೋದಲ್ಲೇ ಗುಡ್ಡದ ಬುಡ ಸೇರಿದೆವು. ಮೇಲೆ, ಒಂದು ದೊಡ್ಡ ಮಾವಿನಮರದ ಪಕ್ಕ, ತೆಂಗಿನಗರಿಯ ಚಪ್ಪರ. ಅಡುಗೆಗೆ ಮೂರು ಕೆಂಪುಕಲ್ಲು. ಸುತ್ತ ಎತ್ತ ನೋಡಿದರೂ ಗೇರುಮರ, ಹಳದಿ ಕೆಂಪು ಹಣ್ಣು, ಕಾದ ನೆಲದಿಂದ ಏಳುವ ಹುಳಿ ವಾಸನೆ. ಅತ್ತೆಯ ಮುಖ ಅಲ್ಲಿ ಮುಟ್ಟಿದ ಕೂಡಲೇ ಬೇರೆಯಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಗಟ್ಟಿ ದನಿಯಲ್ಲಿ ನನಗೆ ಕೆಲಸ ಹೇಳಿದರು. ಟೆಂಟಿನ ಮಂಚ ನಿಲ್ಲಿಸಿದೆ. ಗುಡ್ಡ ಇಳಿಜಾರು, ಹಾಗಾಗಿ ಕೆಳಬದಿಯ ಕಾಲುಗಳಿಗೆ ಕಲ್ಲಿನ ಆಸರೆ ಕೊಟ್ಟೆ. ಅತ್ತೆ ಸುತ್ತು ಬಂದು, ಬಟ್ಟೆ ಮುಟ್ಟಿ, ಝಿಪ್ಪು ಎಳೆದು, "ಭಾಳ ಚಲೋ ಐತಿ" ಎಂದರು. ಸಂಜೆ ರೊಟ್ಟಿ ತಿಂದ ಮೇಲೆ ಚಪ್ಪರದ ಮೂಲೆಯಲ್ಲಿ ತಮ್ಮ ಚಾಪೆ ಬಿಡಿಸಿದರು.

"ಅತ್ತಿ, ಅಲ್ಲ್ಯಾಕ್ರಿ? ಮಂಚ ನಿಮಗಂತ ತಂದದ್ದು."

"ನನಗೇನು?" ಅವರು ನಿಜಕ್ಕೂ ಬೆಚ್ಚಿದರು. "ಅಳಿಯ ನೆಲದಾಗ, ಅತ್ತಿ ಮಂಚದ ಮ್ಯಾಲ? ಹುಚ್ಚ ಹಿಡದೈತೇನ್ರಿ? ನೀವು ಮಲಕೋರಿ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ನನ್ನೆದುರು ಕುರ್ಚಿಯ ಮೇಲೆ ಕೂತವರಲ್ಲ. ನಾನು ಬಂದರೆ ಸೆರಗು ತಲೆಗೇರುತ್ತದೆ, ಕೂತವರು ಏಳುತ್ತಾರೆ. ಮಂಗೋರ್ ಹಿಲ್‌ನ ಮನೆಯಲ್ಲಿ ನಡುವೆ ಒಂದು ಗೋಡೆಯಿತ್ತು, ಅವರು ಆ ಕೋಣೆಯಲ್ಲಿ ಕಾಟಿನ ಮೇಲೆ, ನಾನು ಈ ಕೋಣೆಯಲ್ಲಿ. ಗುಡ್ಡಕ್ಕೆ ಗೋಡೆ ಇಲ್ಲ ಎಂಬುದು ಹಾವು, ಚೇಳು, ಸಿಡಿಲು, ಕಾಡುಹಂದಿ ಎಲ್ಲದರ ಬಗ್ಗೆ ಮುಂಚೆಯೇ ಚಿಂತಿಸಿದ ನನಗೆ ಹೊಳೆದೇ ಇರಲಿಲ್ಲ.

ವಾದಿಸಿದೆ. ಡಾಕ್ಟರ ಹೆಸರು ಹೇಳಿದೆ. ಕೊನೆಗೆ ಸಿಟ್ಟಿನಲ್ಲಿ ನಾನೂ ನೆಲಕ್ಕೆ ಟವೆಲ್ ಹಾಸಿ ಮಲಗಿದೆ. ಅತ್ತೆ ಎದ್ದು ಕೂತರು. ಅಳಿಯ ನೆಲದ ಮೇಲಿರುವಾಗ ತಾವು ಚಾಪೆಗೆ ಬೆನ್ನು ತಾಗಿಸುವುದೇ ಇಲ್ಲವಂತೆ. ಕಂಬಕ್ಕೆ ಒರಗಿ ಕೂತವರನ್ನು ನೋಡಲಾಗದೆ ಎದ್ದು ಟೆಂಟಿನೊಳಗೆ ಹೋದೆ. ಮರುದಿನ ಚಪ್ಪರದ ಹಿಂದೆ, ಅವರ ಕಣ್ಣಿಗೆ ಬೀಳದ ಕಡೆ ಮಲಗುತ್ತೇನೆ ಎಂದೆ. "ನನಗ ಕಾಣಲಿಲ್ಲಂದ್ರ ನೀವು ಮಲಗಿದ್ದು ನೆಲ ಅಲ್ಲೇನು?" ಎಂದರು.

ಹೀಗೆ ಅವರ ಬೆನ್ನಿಗೆಂದು ತಂದ ಮಂಚದಲ್ಲಿ ನಾನು ಮಲಗಿದೆ, ಬೆನ್ನು ಕೊಯ್ಯಿಸಿಕೊಂಡ ಅವರು ಚಾಪೆಯ ಮೇಲೆ ಮಲಗಿದರು. ನನ್ನ ಕಷ್ಟ ನಸುಕಿನಲ್ಲಿ ಶುರುವಾಗುತ್ತಿತ್ತು. ಚಪ್ಪರದ ಅಡ್ಡಗಳುವಿಗೆ ಅತ್ತೆ ಒಂದು ಹಗ್ಗ ಕಟ್ಟಿಕೊಂಡಿದ್ದರು. ಅದನ್ನು ಹಿಡಿದು ಮೊದಲು ಮಗ್ಗುಲು, ಆಮೇಲೆ ಮೊಣಕಾಲು, ಆಮೇಲೆ "ಯಪ್ಪಾ ಶಿವನ" ಎಂಬ ನರಳು. ನಾನು ಓಡಿಹೋಗಿ ಕೈ ಚಾಚಿದರೆ, "ಬ್ಯಾಡ್ರಿ, ಬ್ಯಾಡ್ರಿ" ಎಂದು ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಿದ್ದರು. ಅಳಿಯನ ಕೈಯನ್ನೂ ಹಿಡಿಯುವ ಹಾಗಿಲ್ಲ. ಹಾಗಾಗಿ ನಾನು ಪ್ರತಿದಿನ ಬೆಳಿಗ್ಗೆ ಮೂರು ಮಾರು ದೂರದಲ್ಲಿ, ಕೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡು, ಅತ್ತೆ ಎದ್ದು ನಿಲ್ಲುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಇಂಥ ಅಸಹ್ಯದ ಮರ್ಯಾದೆ ಜಗತ್ತಿನಲ್ಲಿ ಬೇರೆ ಯಾವ ಅಳಿಯನಿಗೂ ಬೇಡ.

ಟೆಂಟಿನೊಳಗೆ ಸುಖವಿತ್ತು ಎಂದುಕೊಳ್ಳಬೇಡಿ. ನೆಲದ ಹುಳಕ್ಕೆ ಹೆದರಿ ಮೇಲೆ ಹತ್ತಿದವನಿಗೆ, ಕೆಂಪಿರುವೆಗಳು ಮರದಿಂದ ಇಳಿಯುತ್ತವೆ ಎಂದು ಯಾರೂ ಹೇಳಿರಲಿಲ್ಲ. ಝಿಪ್ಪು ಹಾಕಿದರೆ ಒಳಗೆ ಕಮ್ಮಾರನ ಕುಲುಮೆ, ತೆಗೆದರೆ ಇರುವೆ. ಒಂದು ಮಧ್ಯಾಹ್ನ ಝಿಪ್ಪು ಪೂರ್ತಿ ಎಳೆದುಕೊಂಡು ಮಲಗಿದ್ದೆ. ಮಳೆಗಾಲಕ್ಕೆ ಮುಂಚಿನ ಹುಚ್ಚುಗಾಳಿ ಎದ್ದಿತು. ಗಾಬರಿಯಲ್ಲಿ ಮಗ್ಗುಲು ಬದಲಿಸಿದೆ, ಬದಲಿಸಿದ್ದು ಇಳಿಜಾರಿನ ಬದಿಗೆ. ಕಾಲಡಿಯ ಕಲ್ಲು ಜಾರಿತು. ಮಂಚ, ಟೆಂಟು, ನಾನು ಮೂವರೂ ಒಂದೇ ಗಂಟಾಗಿ ಉರುಳಿ ಗೇರುಮರದ ಬುಡಕ್ಕೆ ತಾಗಿ ನಿಂತೆವು. ಯಾವುದು ಮೇಲೆ ಯಾವುದು ಕೆಳಗೆ ತಿಳಿಯುವ ಮೊದಲೇ ಹೊರಗಿನಿಂದ ದನಿ ಬಂತು.

"ಅಳ್ಯಾರ, ಒಳಗ ಅದೀರೇನು?"

"ಮತ್ತೆಲ್ಲಿಗಿ ಹೋಗ್ಲಿ ಅತ್ತಿ!"

"ಪೆಟ್ಟ ಹತ್ತೇತೇನು?"

"ಝಿಪ್ ಸಿಗವಲ್ದು!"

ಅತ್ತೆ ಬಗ್ಗುವ ಹಾಗಿಲ್ಲ. ಹಣ್ಣು ಚುಚ್ಚುವ ಕೋಲಿನ ಮೊಳೆಯನ್ನು ಝಿಪ್ಪಿನ ಕಿವಿಗೆ ಸಿಕ್ಕಿಸಿ ನಿಧಾನಕ್ಕೆ ಎಳೆದರು. ಆ ಮೊಳೆ ನನ್ನ ಮೂಗಿನ ಮುಂದೆ ಹಾದುಹೋಯಿತು. ಹೊರಗೆ ತಲೆ ಹಾಕಿದಾಗ ಅವರು ಸೆರಗು ಬಾಯಿಗೆ ಒತ್ತಿಕೊಂಡು ಮರದ ಕಡೆ ಮುಖ ಮಾಡಿ ನಿಂತಿದ್ದರು. ಹೆಗಲು ಅಲುಗುತ್ತಿತ್ತು. ಅಳಿಯನೆದುರು ನಗಬಾರದು ಎಂಬುದೂ ಒಂದು ನಿಯಮವಿರಬೇಕು, ಅದನ್ನು ಅವರಿಂದ ಪೂರ್ತಿ ಪಾಲಿಸಲಾಗಲಿಲ್ಲ.

ನಗು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಭಾಟ್ಕಾರರು ಹೇಳದೆ ಕೇಳದೆ ಗುಡ್ಡ ಹತ್ತಿ ಬಂದರು. ಅತ್ತೆ ಅರ್ಧ ಎದ್ದು ಹಗ್ಗಕ್ಕೆ ಜೋತುಬಿದ್ದಿದ್ದ ಹೊತ್ತು ಅದು. ನಾನು ಎಂದಿನಂತೆ ತಂಬಿಗೆ ಹಿಡಿದು ನಿಂತಿದ್ದೆ. ಭಾಟ್ಕಾರರು ಕೆಟ್ಟವರಲ್ಲ. ಅತ್ತೆ ಪೂರ್ತಿ ಎದ್ದು ಸೆರಗು ಸರಿಮಾಡಿಕೊಳ್ಳುವವರೆಗೆ ಬೇರೆ ಕಡೆ ನೋಡುತ್ತ ನಿಂತರು. ಆಮೇಲೆ ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದರು: ಸಾಕು ಬಾಯ್, ಈ ಗುಡ್ಡದ ಮೇಲೆ ನಿನಗೆ ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ? ಸೋಮವಾರ ಗುಡ್ಡ ಕೇಳಿದ ಆ ಗಂಡಹೆಂಡತಿಯನ್ನು ಕರೆದುಕೊಂಡು ಬರುತ್ತೇನೆ, ಅಂದಿನಿಂದ ಅವರೇ ನೋಡಿಕೊಳ್ಳಲಿ.

ಅತ್ತೆ ಕೋಲು ತೆಗೆದುಕೊಂಡು ಹೋದವರು ಮೇಲಿನ ಮರಗಳ ಹತ್ತಿರ ಕಲ್ಲಿನ ಮೇಲೆ ಕೂತರು. ಬಿಸಿಲೇರಿದರೂ ಬುಟ್ಟಿ ಖಾಲಿ ಇತ್ತು. ದನಗಳು ಬಂದು ಹಣ್ಣು ತಿನ್ನುತ್ತಿದ್ದವು. ಎದ್ದು ಓಡಿಸಲಿಲ್ಲ.

ಗುಡ್ಡದಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಒಂದೇ ಬಂಡೆಯ ಮೇಲೆ. ಸಂಜೆ ಅಲ್ಲಿ ನಿಂತು ಕಸ್ತೂರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಕೇಳಿಸಿದ್ದು ಒಂದೇ ಸಂಗತಿ.

"ನಮ್ಮವ್ವ ನೆಲದಾಗ, ನೀವು ಮಂಚದ ಮ್ಯಾಲ. ಬೈಸಿಕೊಳ್ಳಾಕ ಇನ್ನೇನ ಬೇಕ್ರಿ ನಿಮಗ?"

"ಅವರು ಒಪ್ಪವಲ್ಲರಲ್ಲ! ಅಳಿಯ ಕೆಳಗಿದ್ರ ಅತ್ತಿ ಮ್ಯಾಲ ಮಲಗಬಾರದಂತ!"

"ಹಂಗಂದ್ರ ನೀವು ಗಿಡಾ ಹತ್ರಿ!" ಎಂದವಳೇ ಫೋನ್ ಕಟ್ ಮಾಡಿದಳು.

ಅವಳು ಅಂದದ್ದು ಸಿಟ್ಟಿಗೆ. ನಾನು ಮಾತ್ರ ಬಂಡೆಯ ಮೇಲೆ ನಿಂತವನು ನಿಂತೇ ಇದ್ದೆ. ನಮ್ಮ ಕಡೆ ಜೋಳದ ತೆನೆಯಲ್ಲಿ ಕಾಳು ಕಟ್ಟುವಾಗ ಹಕ್ಕಿ ಕಾಯಲು ಹೊಲದ ನಡುವೆ ಕಂಬ ನೆಟ್ಟು ಅಟ್ಟಣಿಗೆ ಕಟ್ಟುತ್ತಾರೆ. ಸ್ಟೋರಿನಲ್ಲಿ ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗುವ ನಾನು, ಆ ಮಾವಿನಮರದ ಕವಲನ್ನು ನೋಡಿದೆ. ನೋಡಿ, ಬೇರೆ ಏನಾದರೂ ಹೊಳೆಯಲಪ್ಪಾ ಎಂದು ಬಹಳ ಹೊತ್ತು ಕಾದೆ. ಹೊಳೆಯಲಿಲ್ಲ.

ಭಾನುವಾರ ಯಮನಪ್ಪ ಬಿದಿರು, ಹಗ್ಗ, ಒಂದು ಏಣಿ ತಂದ. "ಅತ್ತಿಗಿ ಮಂಚ, ಅಳಿಯಗ ಗಿಡ. ಮುಂದಿನ ವರ್ಷ ಮಗಳಿಗೆ ಮೋಡದ ಮ್ಯಾಲ ಕಟ್ಟೋಣ್ರಿ ಅಣ್ಣಾರ" ಎನ್ನುತ್ತ ಕವಲಿಗೆ ಬಿದಿರು ಬಿಗಿದ. ಅತ್ತೆ ಮೊದಲು ಬೇಡವೆಂದರು. ಎಲ್ಲ ಕಟ್ಟಿ ಮುಗಿದ ಮೇಲೆ ಕತ್ತೆತ್ತಿ, ಒಂದು ಕಣ್ಣು ಮುಚ್ಚಿ, ಅಟ್ಟಣಿಗೆಯನ್ನೂ ಟೆಂಟನ್ನೂ ಅಳೆದರು.

"ಯಮನಪ್ಪಾ, ಟೆಂಟಿನ ತುದಿ ಇನ್ನೂ ಮ್ಯಾಲ ಐತಿ."

"ಯಮ್ಮಾ, ನೀ ಮಲಗೂದು ಮಂಚದ ಮ್ಯಾಲ, ತುದಿ ಮ್ಯಾಲ ಅಲ್ಲ!"

"ಮನಿ ಅಂದ್ರ ಮಾಳಿಗಿ ಸೈತ ಬಂತಲ್ಲ. ಇನ್ನೆರಡು ಗೇಣ ಏರಸು."

ಎಲ್ಲ ಬಿಚ್ಚಿ, ಮೇಲಿನ ಕವಲಿಗೆ ಏರಿಸಿ ಯಮನಪ್ಪ ಮತ್ತೆ ಕಟ್ಟಿದ. ಎರಡು ಗೇಣು ಎಂದರೆ ಎಷ್ಟು ಎತ್ತರ ಎಂಬುದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ಯಮನಪ್ಪ ವಾಸ್ಕೋಗೆ ಹೊರಟ ಮೇಲೆ, ಹೊತ್ತು ಮುಳುಗುವಾಗ ನಾನು ಏಣಿ ಹತ್ತಿದೆ. ಸೊಂಟಕ್ಕೆ ಹಗ್ಗ ಸುತ್ತಿ ಅದರ ಇನ್ನೊಂದು ತುದಿಯನ್ನು ಕೊಂಬೆಗೆ ಕಟ್ಟಿಕೊಂಡೆ, ಆಮೇಲೆ ಕೊಂಬೆ ಮುರಿದರೆ ಎಂದು ಇನ್ನೊಂದು ಕೊಂಬೆಗೂ ಕಟ್ಟಿಕೊಂಡೆ. ಕಣ್ಣು ಬಿಗಿಯಾಗಿ ಮುಚ್ಚಿದೆ. ಕೆಳಗೆ ಝಿಪ್ಪು ತೆರೆದ ಸದ್ದು. ಮಂಚ ಕಿರ್ರೆಂದಿತು. ಝಿಪ್ಪು ಮುಚ್ಚಿದ ಸದ್ದು.

ಬೆಳಕು ಹರಿಯುವಾಗ ಎಚ್ಚರವಾಯಿತು. ಹಣ್ಣುಗಳು ಪಟ್ ಪಟ್ಟೆಂದು ಒಣಗಿದ ಎಲೆಗಳ ಮೇಲೆ ಬೀಳುತ್ತಿದ್ದವು. ದಿನವೂ ಈ ಹೊತ್ತಿಗೆ ಅತ್ತೆಯ ನರಳು ಕೇಳಿಸಬೇಕು. ಕೇಳಿಸಲಿಲ್ಲ. ಟೆಂಟು ಅಲುಗಲಿಲ್ಲ. ಏಣಿ ಗಾಳಿಗೆ ಬಿದ್ದು ನೆಲದ ಮೇಲೆ ಮಲಗಿತ್ತು. "ಅತ್ತೀ" ಎಂದೆ. "ಅತ್ತೀ" ಎಂದು ಇನ್ನಷ್ಟು ಜೋರಾಗಿ ಕೂಗಿದೆ. ನನ್ನ ತಲೆ ಆಗ ಎಲ್ಲೆಲ್ಲಿ ಓಡಿತು ಎಂದು ಬರೆಯಲಾರೆ. ಒಳಗೆ ಗಾಳಿ ಸಾಲದೆ ಹೋಯಿತೇ? ಮಂಚ ಬೆನ್ನಿನ ಹೊಲಿಗೆಗೆ ಒತ್ತಿತೇ? ಕಸ್ತೂರಿಗೆ ಏನು ಹೇಳಲಿ? ನಾನೇ ಕೈಯಾರೆ ಝಿಪ್ಪಿನ ಚೀಲದೊಳಗೆ ಹಾಕಿ ನಿನ್ನ ತಾಯಿಯನ್ನು ಕೊಂದೆ ಎಂದೇ?

ಅಷ್ಟರಲ್ಲಿ ಕಾಲುದಾರಿಯಲ್ಲಿ ಭಾಟ್ಕಾರರು ಕಾಣಿಸಿದರು. ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರ ಕೈಯಲ್ಲೂ ಬುಟ್ಟಿ. ಭಾಟ್ಕಾರರು ಚಪ್ಪರ ನೋಡಿದರು, ಖಾಲಿ ಚಾಪೆ ನೋಡಿದರು, ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿದರು.

"ಬಾಯ್ ಖಂಯ್ ಆಸಾ?"

ಅತ್ತೆ ಎಲ್ಲಿ ಎಂದು ಕೇಳುತ್ತಿದ್ದಾರೆ. ಬೆರಳಿನಿಂದ ಟೆಂಟು ತೋರಿಸಿದೆ.

ಆಗ ಝಿಪ್ಪು ಸರ್ರೆಂದಿತು. ಮೊದಲು ಎರಡು ಕಾಲು ಹೊರಬಂದು ನೆಲಕ್ಕೆ ಊರಿದವು. ಆಮೇಲೆ ಅತ್ತೆ, ಮಂಚದ ಅಂಚಿಗೆ ಕೂತು, ಕೆದರಿದ ಕೂದಲ ಮೇಲೆ ಸೆರಗು ಎಳೆದುಕೊಂಡು, ಯಾವ ಹಗ್ಗವನ್ನೂ ಮುಟ್ಟದೆ, ಕುರ್ಚಿಯಿಂದ ಏಳುವವರ ಹಾಗೆ ಎದ್ದು ನಿಂತರು. ಬಿಸಿಲು ನೋಡಿ ನಾಚಿಕೆಯಾಗಿರಬೇಕು. "ಅಯ್ಯ, ಇಷ್ಟ ಹೊತ್ತಾತೇನ! ಭಾಳ ದಿನಾ ಆಗಿತ್ತು ನಿದ್ದಿ ಹತ್ತಿ" ಎಂದರು. ಕೋಲು ತೆಗೆದುಕೊಂಡು, ಭಾಟ್ಕಾರರ ಕಾಲ ಬಳಿ ಬಿದ್ದಿದ್ದ ಹಣ್ಣನ್ನು ಚುಚ್ಚಿ ಬುಟ್ಟಿಗೆ ಹಾಕಿದರು. ಅದರ ಪಕ್ಕದ್ದನ್ನು ಹಾಕಿದರು. ಭಾಟ್ಕಾರರು ಅತ್ತೆಯ ನೆಟ್ಟಗಿನ ಬೆನ್ನನ್ನೇ ನೋಡಿದರು. ಆಮೇಲೆ ಜೊತೆಯ ಗಂಡಸಿನ ಕಡೆ ತಿರುಗಿ, ನಾಲೆಯ ಆಚೆಗೆ ತಮ್ಮದೇ ಇನ್ನೊಂದು ಸಣ್ಣ ತೋಟವಿದೆ, ಅದನ್ನು ನೋಡಿಬಿಡಿ ಎಂದರು.

ಜೊತೆಯ ಹೆಂಗಸು ನಮ್ಮ ಕಡೆಯವಳೇ. ಅವಳು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದಳು.

"ಯಕ್ಕಾ, ಗಿಡದಾಗ ಹಗ್ಗ ಕಟಗೊಂಡ ಕುಂತಾರಲ್ಲ, ಅವರ್ಯಾರು?"

"ನಮ್ಮ ಅಳಿಯಂದ್ರು" ಎಂದರು ಅತ್ತೆ, ಕತ್ತೆತ್ತದೆ, ಇನ್ನೊಂದು ಹಣ್ಣು ಚುಚ್ಚುತ್ತ. "ಏನ ಮಾಡೂದವ್ವ. ಅವರಿಗೆ ಕೆಳಗ ನಿದ್ದಿನ ಹತ್ತಂಗಿಲ್ಲ."

ಈ ವರ್ಷ ಮೇಲಿನ ಮರಗಳಿಗೆ ಭಾಳ ಹಣ್ಣ ಹಿಡದಾವ, ಬರ್ರಿ ತೋರಿಸ್ತೇನಿ ಎನ್ನುತ್ತ ಅವರು ಭಾಟ್ಕಾರರನ್ನು ಕರೆದುಕೊಂಡು ಗುಡ್ಡ ಹತ್ತಿದರು. ಆ ಗಂಡಹೆಂಡತಿ ನಾಲೆಯ ಕಡೆ ಇಳಿದರು. ಎಲ್ಲರೂ ಏಣಿಯನ್ನು ಸುತ್ತಿಬಳಸಿಕೊಂಡೇ ಹೋದರು.